ಹುಲಿಕಲ್ ದಾರಿಯ ಆಲದ ನೆರಳು

ಕುದೂರು ದಾಟಿ ಹುಲಿಕಲ್ ದಾರಿ ಹಿಡಿದಿದ್ದೀರಿ. ಮಾಗಡಿ ಸೀಮೆಯ ಬಿಸಿಲು ನೆತ್ತಿ ಸುಡುತ್ತಿದೆ. ಆಲದ ಸಾಲು ಶುರುವಾದದ್ದೇ ತಡ, ಮೈಗೆ ತಂಪು. ಎರಡೂ ಕಡೆಯ ಕೊಂಬೆಗಳು ರಸ್ತೆಯ ಮೇಲೆ ಹೆಣೆದುಕೊಂಡಿವೆ. ಒಂದು ಬೊಡ್ಡೆಯ ಮೇಲೆ ಅಂಗೈ ಇಡಿ. ತೊಗಟೆಯ ಮಡಿಕೆಯಲ್ಲಿ ಇರುವೆಗಳು ಹರಿಯುತ್ತಿವೆ. ಉದುರಿದ ಕೆಂಪು ಹಣ್ಣು ಕಾಲಡಿಯಲ್ಲಿ ಪಚಕ್ಕೆನ್ನುತ್ತದೆ.

ಈಗ ಆ ಮರಗಳೇ ಇಲ್ಲವೆಂದುಕೊಳ್ಳಿ. ಬೋಳು ದಾರಿ. ಸಾಲುಮರದ ತಿಮ್ಮಕ್ಕ ಎಂಬ ಹೆಸರು ಇನ್ನೂ ಹುಟ್ಟಿಲ್ಲ. ಬರಿಯ ತಿಮ್ಮಕ್ಕ ನೀರು ಹೊತ್ತು ಬರುತ್ತಿದ್ದಾರೆ, ಜೊತೆಗೆ ಗಂಡ ಚಿಕ್ಕಯ್ಯ. ಕೂಲಿ ಮಾಡಿ ದಣಿದ ಮೈ. ಮಕ್ಕಳಿಲ್ಲದ ನೋವನ್ನು ಈ ಸಸಿಗಳಲ್ಲಿ ಮರೆಯಲು ನೋಡುತ್ತಿರುವ ಜೀವಗಳು. ಮೊದಲ ವರ್ಷ 10 ಸಸಿ, ಮರುವರ್ಷ 15, ಆಮೇಲೆ 20. ಬುಡಕ್ಕೆ ನೀರು ಹನಿಸಿ, ದನ ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟುತ್ತಾರೆ. ಹೀಗೆ ಬೆಳೆದದ್ದು ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385 ಆಲ.

ಚಿಕ್ಕಯ್ಯ ತೀರಿಕೊಂಡದ್ದು 1991ರಲ್ಲಿ. ರಾಷ್ಟ್ರೀಯ ನಾಗರಿಕ ಪ್ರಶಸ್ತಿ ತಿಮ್ಮಕ್ಕನವರಿಗೆ ಬಂದದ್ದು 1995ರಲ್ಲಿ. ನಡುವಿನ ಈ ನಾಲ್ಕು ವರ್ಷ ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೀರು ಹೊತ್ತವರು ಇಬ್ಬರು, ಹಾರ ಬಿದ್ದದ್ದು ಒಂದೇ ಕೊರಳಿಗೆ. “ಒಳ್ಳೇ ಕೆಲ್ಸ ಮಾಡ್ದೆ ಕಣಣ್ಣಾ ಚಿಕ್ಕಯ್ಯಾ” ಅನ್ನಲು ಯಾವ ಪ್ರಶಸ್ತಿ ಸಮಿತಿಯೂ ಬೇಕಿರಲಿಲ್ಲ, ಈ ನೆರಳಲ್ಲಿ ಬೆವರು ಒರೆಸಿಕೊಂಡ ದಾರಿಹೋಕರು ಸಾಕಿತ್ತು. ಹಾಗೆ ಅಂದವರು ಯಾರಾದರೂ ಇದ್ದಿದ್ದರೆ ಅವರು ಪುಣ್ಯವಂತರು.

ಈಗ ದೆಹಲಿಗೆ ಬನ್ನಿ. 2019ರ ಮಾರ್ಚ್ 16, ರಾಷ್ಟ್ರಪತಿ ಭವನ. ಹಸಿರು ಸೀರೆ, ಹಣೆಯ ತುಂಬ ವಿಭೂತಿ, ನೂರು ದಾಟಿದ ಅಜ್ಜಿ. ಪದ್ಮಶ್ರೀ ಕೈಗೆ ಬಂತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಕ್ಯಾಮೆರಾ ಕಡೆ ತಿರುಗಿ ಎಂದರೆ, ತಿಮ್ಮಕ್ಕ ಕೈ ಚಾಚಿ ಅವರ ಹಣೆ ಮುಟ್ಟಿ ಹರಸಿಬಿಟ್ಟರು. ಶಿಷ್ಟಾಚಾರದ ಆ ಸಭೆಯ ತುಂಬ ನಗು, ಚಪ್ಪಾಳೆ. ಕಣ್ಣೆದುರಿಗಿರುವವರನ್ನು ಗೌರವಿಸಿದರೆ ತಾನೇ ಇಂಥ ಹರಕೆ ದಕ್ಕುವುದು!

2025ರ ನವೆಂಬರ್ 14ರಂದು ತಿಮ್ಮಕ್ಕ ಕಣ್ಣು ಮುಚ್ಚಿದಾಗಲೂ ನಾಡು ಅವರನ್ನು ಕೊಂಡಾಡಿತು. ಆ ಮಾತುಗಳಿಂದ ಅವರಿಗೆ ಆಗಬೇಕಾದದ್ದೇನೂ ಉಳಿದಿರಲಿಲ್ಲ. 2019ರ ಗೌರವದಿಂದ ಆಗುವ ಕೆಲಸವಿತ್ತು, ಅದು ಮೂರೇ ತಿಂಗಳಲ್ಲಿ ಎದುರಾಯಿತು. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಲ್ಲಿ ಇದೇ ಆಲಗಳಿಗೆ ಕೊಡಲಿ ಬೀಳುವುದರಲ್ಲಿತ್ತು. ಹೆಸರಿಲ್ಲದ ಕೂಲಿ ಹೆಂಗಸಿನ ಗೋಳಾಗಿದ್ದರೆ ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲೇ ಉಳಿದುಬಿಡುತ್ತಿತ್ತೋ ಏನೋ. ಮೊರೆಯಿಟ್ಟವರು ದೇಶವೇ ಬಲ್ಲ ಅಜ್ಜಿ, ಕೇಳಿಸಿಕೊಂಡವರು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ಮರ ಉಳಿಸಿಕೊಂಡು ರಸ್ತೆ ಮಾಡುವ ದಾರಿ ಹುಡುಕಲು ಸರ್ಕಾರ ಒಪ್ಪಿತು.