ಹೊಸ್ತಿಲ ಹೊರಗಿನ ಲೈಸೆನ್ಸು

ಮನೆ ಮನೆ ತಿರುಗಿ ಮಾರುವವರಿಗೆ ಲೈಸೆನ್ಸು ಬೇಕೋ ಬೇಡವೋ ಅನ್ನೋದು ಈಗ ಪಟ್ಟಣದವರ ಚರ್ಚೆ. ಹೊಸ ಬಡಾವಣೆಯ ಗೇಟಿಗೆ 'ಮಾರುವವರಿಗೆ ಪ್ರವೇಶವಿಲ್ಲ' ಅಂತ ಬೋರ್ಡು ಕಟ್ಟುವವರು ಬೇಕು ಅನ್ನುತ್ತಾರೆ. ಬಡವರ ಮೇಲೆ ಕನಿಕರ ಇರುವವರು ಬೇಡ ಅನ್ನುತ್ತಾರೆ. ಇಬ್ಬರೂ ಒಂದು ಮಾತು ಮರೆತಿದ್ದಾರೆ. ಈ ನಾಡಿನಲ್ಲಿ ಲೈಸೆನ್ಸ್ ಇಲ್ಲದೆ ಯಾರೂ ಯಾವತ್ತೂ ಇನ್ನೊಬ್ಬರ ಮನೆ ಮುಂದೆ ನಿಂತು ಏನನ್ನೂ ಮಾರಿಲ್ಲ. ಯಾರು ಏನು ಮಾರಬೇಕು, ಎಲ್ಲಿ ನಿಲ್ಲಬೇಕು, ಯಾರ ಕೈಯ ಸಾಮಾನು ಹಂಗೇ ಒಳಗೆ ಹೋಗಬಹುದು, ಯಾರದಕ್ಕೆ ನೀರು ಚಿಮುಕಿಸಬೇಕು, ಯಾರ ಕೈಗೆ ರೊಕ್ಕ ಕೊಡಬೇಕು, ಯಾರ ಕಡೆ ಎಸೆಯಬೇಕು, ಎಲ್ಲಕ್ಕೂ ನಿಯಮ ಇತ್ತು. ಮುನಿಸಿಪಾಲಿಟಿ ಹುಟ್ಟುವ ಎಷ್ಟೋ ಮೊದಲೇ ಇತ್ತು. ಆ ಲೈಸೆನ್ಸಿನ ಹೆಸರು ಜಾತಿ.

ನಾನು ಮಾಂಗರ ಕೇರಿಯವನು. ನಮ್ಮ ಹಳ್ಳಿ ಔರಾದ ತಾಲೂಕಿನದು. ನಮ್ಮವರ ಕಸುಬು ಹಗ್ಗ ಹೊಸೆಯೋದು, ದನದ ಕಣ್ಣಿ ಮಾಡೋದು, ಸಿಂದಿ ಗರಿ ತಂದು ಕಸಬರಿಗೆ ಕಟ್ಟೋದು. ಕಟ್ಟೋರು ಗಂಡು ಹೆಣ್ಣು ಇಬ್ಬರೂ. ಹೊತ್ತು ಮಾರೋರು ಹೆಂಗಸರು. ನಮ್ಮವ್ವ ಮುಂಜಾನೆ ಹೊರೆ ಹೊತ್ತು ಹೊಂಟಳು ಅಂದರೆ ನಾಲ್ಕು ಭಾಷೆ ತಲೆಯೊಳಗೆ ಇಟ್ಟುಕೊಂಡೇ ಹೊರಡುತ್ತಿದ್ದಳು. ಲಿಂಗಾಯತರ ಓಣಿಯೊಳಗೆ "ಕಸಬರಿಗಿ ಬೇಕೇನ್ರೀ ಯವ್ವಾ" ಅನ್ನೋಳು. ಮರಾಠರ ಗಲ್ಲಿಗೆ ಬಂದರೆ "ಕೇರಸುಣಿ ಘ್ಯಾ ಬಾಯಿ". ಮುಸಲರ ಮೊಹಲ್ಲಾದಲ್ಲಿ "ಝಾಡೂ ಲೇಲೋ ಅಮ್ಮಾ". ತೆಲಂಗಾಣದ ಕಡೆಯ ಹಳ್ಳಿಗೆ ಹೋದರೆ "ಚೀಪುರು ಅಮ್ಮಾ". ಅಕ್ಷರ ಒಂದೂ ಬರುತ್ತಿರಲಿಲ್ಲ. ನಾಲ್ಕು ಭಾಷೆಯಲ್ಲೂ ಬರುತ್ತಿದ್ದ ಉತ್ತರ ಮಾತ್ರ ಹೆಚ್ಚು ಕಡಿಮೆ ಒಂದೇ: "ಅಲ್ಲೇ ಇಡ, ಮ್ಯಾಗ ಬರಬ್ಯಾಡ."

ದೀಪಾವಳಿ ಬಂದರೆ ನಮ್ಮ ಗಡಿಭಾಗದೊಳಗೆ ಕಸಬರಿಗೆಗೆ ಲಕ್ಷ್ಮಿ ಅಂತಾರೆ. ಲಕ್ಷ್ಮಿ ಪೂಜೆಯ ದಿನ ಹೊಸ ಕಸಬರಿಗೆ ತಂದು, ಅರಿಷಿಣ ಕುಂಕುಮ ಹಚ್ಚಿ, ಹಣತೆ ಇಟ್ಟು ಕೈ ಮುಗೀತಾರೆ. ಆ ವಾರ ನಮ್ಮ ಕೇರಿಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಗರಿ ಸೀಳಿ ಸೀಳಿ ಬೆರಳ ತುಂಬ ರಕ್ತ. ಅದೇ ಲಕ್ಷ್ಮಿಯನ್ನು ತಲೆ ಮೇಲೆ ಹೊತ್ತು ತಂದವಳು ಅಂಗಳದ ತುದಿಯಲ್ಲಿ ನಿಲ್ಲಬೇಕು. ಅವಳು ಕೆಳಗಿಟ್ಟು ಹಿಂದೆ ಸರಿಯಬೇಕು. ಮನೆಯವರು ಬಂದು ನೀರು ಚಿಮುಕಿಸಿ ಲಕ್ಷ್ಮಿಯನ್ನು ಎತ್ತಿಕೊಳ್ಳಬೇಕು. ದೇವರು ಒಳಗೆ, ದೇವರನ್ನು ಕಟ್ಟಿದವಳು ಹೊರಗೆ. ಇದು ನಮ್ಮ ಮೊದಲನೆಯ ಲೈಸೆನ್ಸು. ಇದಕ್ಕೆ ಅರ್ಜಿ ಇಲ್ಲ, ಫೀಸು ಇಲ್ಲ, ಮುಗಿಯುವ ತಾರೀಖೂ ಇಲ್ಲ.

ಬಳೆಗಾರ ಬಂದರೆ ಪಡಸಾಲೆಗೆ ಕರೀತಾರೆ, ಚಾಪೆ ಹಾಸ್ತಾರೆ. ಅವನು ಮನೆ ಹೆಣ್ಣುಮಕ್ಕಳ ಕೈ ಹಿಡಿದೇ ಬಳೆ ತೊಡಿಸಬೇಕು. ಸೀರೆ ಗಂಟಿನವ ಕಟ್ಟೆ ಮೇಲೆ ಕೂತು ಗಂಟು ಬಿಚ್ಚುತ್ತಾನೆ. ಹಳೇ ಬಟ್ಟೆಗೆ ಭಾಂಡೆ ಕೊಡುವವಳು ಮೆಟ್ಟಿಲ ಹತ್ತಿರ. ಬುಟ್ಟಿ, ಮರ ತಂದವಳು ಅಂಗಳದಲ್ಲಿ. ಹಗ್ಗ, ಕಸಬರಿಗೆ ತಂದವಳು ಅಂಗಳದ ಆಚೆ. ಒಂದು ಮನೆಯ ಮುಂದೆ ಒಂದು ದಿನ ಕೂತು ನೋಡಿದರೆ ಇಡೀ ವರ್ಣವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಹಾಲು, ಮಜ್ಜಿಗೆ, ರೊಟ್ಟಿ ಮಾರಿಕೊಂಡು ಮೇಲಿನವರ ಓಣಿಗೆ ಹೋದ ನಮ್ಮ ಹೆಂಗಸನ್ನು ನಾನಂತೂ ನೋಡಿಲ್ಲ.

ನನ್ನ ಅಕ್ಕ ಒಮ್ಮೆ ಹೋಗಿ ನೋಡಿದಳು. ಮದುವೆಯಾಗಿ ಭಾಲ್ಕಿಗೆ ಹೋದವಳು. ಸ್ವಸಹಾಯ ಸಂಘದಿಂದ ಸಾಲ ತಂದು ಹಪ್ಪಳ, ಶೇಂಗಾ ಚಟ್ನಿ ಮಾಡಿ ಮನೆ ಮನೆಗೆ ಒಯ್ದಳು. ಪಟ್ಟಣ, ಯಾರಿಗೆ ಯಾರ ಗುರುತು? ಮೂರು ವಾರ ಚೆನ್ನಾಗಿ ನಡೆಯಿತು. ಕೆಲವರು ಮುಂದಿನ ವಾರಕ್ಕೆ ಹೇಳಿ ಮಾಡಿಸಿಕೊಂಡರು. ನಾಲ್ಕನೆಯ ವಾರ ಒಬ್ಬ ತಾಯಿ ನಗುನಗುತ್ತಾ ಕೇಳಿದಳು, "ಯಾವ ಗಲ್ಲಿಯೋರವ್ವಾ ನೀವು?" ಅಕ್ಕ ಗಲ್ಲಿ ಹೆಸರು ಹೇಳಿದಳು. ಅಷ್ಟೇ. ಬೈಯಲಿಲ್ಲ, ಬಡಿಯಲಿಲ್ಲ. ಒಬ್ಬರಿಗೆ ಹಪ್ಪಳ ಮೆತ್ತಗಾದವು, ಒಬ್ಬರ ಮನೆಯಲ್ಲಿ ಖಾರ ತಿನ್ನೋದು ಬಿಟ್ಟರು, ಒಬ್ಬರು ಬಾಗಿಲೇ ತೆಗೆಯಲಿಲ್ಲ. ಸಾಲದ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬಂತು. ಅಸ್ಪೃಶ್ಯತೆಯ ಹೆಸರಲ್ಲಿ ಯಾರದಾದರೂ ಕಸುಬು, ವ್ಯಾಪಾರ ತಡೆದರೆ ಅಪರಾಧ ಅಂತ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಬರೆದಿದೆ. ತಡೆದವರು ಯಾರು? ಬಾಗಿಲು ತೆಗೆಯದ ಮನೆಯ ಮೇಲೆ ಯಾವ ಸ್ಟೇಷನ್ನಿನಲ್ಲಿ ಕೇಸು ಕೊಡಬೇಕು?

ಇನ್ನು ಸರಕಾರದ ಕಾಗದದ ಕಥೆ. ತಿರುಗಾಡಿ ಬದುಕುವವರ ಕೈಗೆ ಸರಕಾರ ಬಹಳ ಹಿಂದೆಯೇ ಕೊಟ್ಟ ಕಾಗದ ವ್ಯಾಪಾರದ್ದಲ್ಲ, ಕಳ್ಳತನದ್ದು. ಕೊರವರು, ಲಂಬಾಣಿಗಳು ಕತ್ತೆ ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದರು. ರೈಲು ಬಂತು, ಹೇರು ಹೋಯಿತು. ವ್ಯಾಪಾರ ಕಳಕೊಂಡವರು ದಾರಿಯಲ್ಲಿ ಕಂಡರೆ ಸಂಶಯ ಬಂತು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಪಾಸು ತಗೋಬೇಕು. ಅದು ರದ್ದಾದದ್ದು 1952ರಲ್ಲಿ. ಕಾಯ್ದೆ ಹೋಯಿತು, ಕಣ್ಣು ಹೋಗಲಿಲ್ಲ. ಆಮೇಲೆ ಭಿಕ್ಷೆಯ ಕಾಯ್ದೆಗಳು ಬಂದವು. ಮುಂಬಯಿ ರಾಜ್ಯದ 1959ರ ಕಾಯ್ದೆ ಹಾಡೋದು, ಕುಣಿಯೋದು, ಭವಿಷ್ಯ ಹೇಳೋದರ ಜೊತೆಗೆ ಯಾವುದಾದರೂ ಸಾಮಾನು ಮಾರಲಿಕ್ಕೆ ಹಿಡಿಯುವುದನ್ನೂ ಭಿಕ್ಷೆ ಬೇಡುವ ನೆವ ಅಂತ ಸೇರಿಸಿಬಿಟ್ಟಿತು. ಕಮಲನಗರ ದಾಟಿದರೆ ಉದಗೀರ. ಅಂದರೆ ಒಂದೇ ಹೊರೆ ಹೊತ್ತ ನಮ್ಮವ್ವ ಗಡಿ ಈಚೆ ವ್ಯಾಪಾರಸ್ಥಳು, ಆಚೆ ಕಾಲಿಟ್ಟರೆ ಭಿಕ್ಷುಕಿ! ಕರ್ನಾಟಕಕ್ಕೂ 1975ರ ತನ್ನದೇ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಮುಂಬಯಿ ಕಾಯ್ದೆಯನ್ನು ದೆಹಲಿಗೂ ಹಚ್ಚಿದ್ದರು. ಅಲ್ಲಿ ಬೇಡುವುದನ್ನು ಅಪರಾಧ ಮಾಡಿದ್ದ ಅದರ ಕಲಮುಗಳನ್ನು ದೆಹಲಿ ಹೈಕೋರ್ಟು 2018ರಲ್ಲಿ ತೆಗೆದುಹಾಕಿತು.

ಬೀದಿಯಲ್ಲಿ ಮಾರುವುದೂ ಸಂವಿಧಾನ ಕೊಟ್ಟ ವ್ಯಾಪಾರದ ಹಕ್ಕಿನೊಳಗೆ ಬರುತ್ತದೆ, ಅದಕ್ಕೆ ನಿರ್ಬಂಧ ಹಾಕಬಹುದು, ಇಲ್ಲ ಅನ್ನಲಾಗದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1989ರಲ್ಲಿ. ಅದಾದ ಮೇಲೆ 25 ವರ್ಷಕ್ಕೆ, 2014ರಲ್ಲಿ, ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಅದನ್ನು ನಮ್ಮ ಹುಡುಗರು ಓದಬೇಕು. ಸರ್ವೆ ಮಾಡಿ ಸರ್ಟಿಫಿಕೇಟು ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಎಬ್ಬಿಸಬೇಕಾದರೆ 30 ದಿನದ ನೋಟೀಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು. ದಂಡ ಕಟ್ಟಿ ಕೇಳಿದರೆ ಕೆಡುವ ಮಾಲನ್ನು ಅದೇ ದಿನ, ಕೆಡದ ಮಾಲನ್ನು ಎರಡು ಕೆಲಸದ ದಿನದೊಳಗೆ ವಾಪಸು ಮಾಡಬೇಕು. ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಆರಿಸಿ ಕಳಿಸಿದವರು ಇರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ಸರ್ಟಿಫಿಕೇಟು ಕೊಡುವಾಗ ಪರಿಶಿಷ್ಟರಿಗೆ ಆದ್ಯತೆ. ಒಂದು ಜಾಗದಲ್ಲಿ ಕೂತು ಮಾರುವವರಿಗೆ ಒಂದು ಬಗೆ, ತಿರುಗಿ ಮಾರುವವರಿಗೆ ಇನ್ನೊಂದು ಬಗೆ. ಕಾಗದದ ಮೇಲೆ ಚೆಂದ ಇದೆ.

ಈ ಕಾಗದ ನಮ್ಮವ್ವನ ಹತ್ತಿರ ಬಂದದ್ದು ಹೀಗೆ. ಜಿಲ್ಲೆಯ ಒಂದು ಪಟ್ಟಣದ ಕಚೇರಿ. ಊರ ಹೆಸರು ಬೇಡ, ಅಂಥ ಕಚೇರಿ ಎಲ್ಲ ಕಡೆ ಇದೆ. ಕಾರ್ಡ್ ಕೊಡ್ತಾರಂತೆ ಅಂತ ಕೇಳಿ ಅವ್ವ ನನ್ನ ಜೊತೆ ಬಂದಳು. ಸಂತೆಯಲ್ಲಿ ಹೊರೆ ಇಳಿಸಿದಾಗೆಲ್ಲ ತೈಬಜಾರಿನವ ರೊಕ್ಕ ಕಿತ್ತುಕೊಂಡು ಹರಿದು ಕೊಟ್ಟ ಚೀಟಿಗಳನ್ನು ಎಲೆ ಅಡಿಕೆ ಸಂಚಿಯೊಳಗೆ ವರ್ಷಗಟ್ಟಲೆ ಕೂಡಿಟ್ಟಿದ್ದಳು. ಸರಕಾರದ ಕಾಗದ, ಒಂದಿನ ಕೆಲಸಕ್ಕೆ ಬರ್ತದ ಅಂತ ಅವಳ ನಂಬಿಕೆ. ಗುಮಾಸ್ತ ಒಂದೊಂದೇ ತಿರುವಿ ನೋಡಿದ.

"ಇದರಾಗ ನಿನ್ನ ಹೆಸರೇ ಇಲ್ಲಲ್ಲ."

"ರೊಕ್ಕ ನಂದೇ ರಿ ಸಾಹೇಬ್ರ."

"ಅದಿರ್ಲಿ. ನಿಂದು ಜಾಗ ಎಲ್ಲದ?"

"ಜಾಗ ಇಲ್ರಿ. ನಡಕೋತ ಮಾರ್ತೀನ್ರಿ."

"ನಡಿಯೋರಿಗಿ ಎಲ್ಲಿ ಕಾರ್ಡ್? ಒಂದ್ ಜಾಗ ತೋರ್ಸು. ಬ್ಯಾರೆ ಕೆಲಸ ಯಾನ್ ಮಾಡ್ತಿ?"

"ಸುಗ್ಗ್ಯಾಗ ಸೋಯಾ ಕೊಯ್ಲಾಕ, ತೊಗರಿ ಕೊಯ್ಲಾಕ ಹೋಗ್ತೀನ್ರಿ."

ಅವನ ಪೆನ್ನು ಅಲ್ಲೇ ನಿಂತಿತು.

ಕಾಯ್ದೆಯಲ್ಲಿ ತಿರುಗುವವರಿಗೂ ಸರ್ಟಿಫಿಕೇಟು ಇದೆ ಅಂತ ನಾನು ವಾದ ಮಾಡಿದೆ. ಅದು ಖರೆ. ಆದರೆ ತನಗೆ ಬೇರೆ ಜೀವನೋಪಾಯ ಇಲ್ಲ ಅಂತ ಮುಚ್ಚಳಿಕೆ ಬರೆದುಕೊಡಬೇಕು ಅನ್ನೋದೂ ಅದೇ ಕಾಯ್ದೆಯಲ್ಲಿದೆ. ಅದೂ ಖರೆ. ಈ ಮಾತು ಬರೆದವರಿಗೆ ಬಡತನ ಅಂದರೆ ಏನು ಗೊತ್ತು? ನೆಟ್ಟಗಿನ ಒಂದು ಜೀವನೋಪಾಯ ಇದ್ದಿದ್ದರೆ ನಾವು ಹೊರೆ ಯಾಕೆ ಹೊರುತ್ತಿದ್ದೆವು? ಬಡವರಿಗೆ ಕಾಲು ಕಾಲು ಹೊಟ್ಟೆ ತುಂಬಿಸುವ ನಾಲ್ಕು ಕೆಲಸ ಇರುತ್ತವೆ. ಮಳೆಗಾಲಕ್ಕೆ ಕಳೆ, ಸುಗ್ಗಿಗೆ ಕೊಯ್ಲು, ದೀಪಾವಳಿಗೆ ಕಸಬರಿಗೆ, ಬ್ಯಾಸಿಗೆಗೆ ಹಗ್ಗ. ನಾಲ್ಕರಲ್ಲಿ ಮೂರನ್ನು ಮುಚ್ಚಿಟ್ಟರೆ ಒಂದಕ್ಕೆ ಕಾರ್ಡು. ರೊಕ್ಕ ತಗೊಳ್ಳುವಾಗ ಅವ್ವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹಕ್ಕು ಕೇಳಿದಾಗ ಹೆಸರು, ಜಾಗ, ಕಸುಬು ಎಲ್ಲ ಬೇಕಾಯಿತು.

ಇನ್ನೊಂದು ದೊಡ್ಡ ತೂತಿದೆ. ಈ ಕಾಯ್ದೆ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಯ ಗಡಿಯೊಳಗಿನದು. ಬೀದರದೊಳಗೆ, ಭಾಲ್ಕಿಯೊಳಗೆ, ಔರಾದ ಪಟ್ಟಣದೊಳಗೆ ನಡೆದರೆ ನೀನು ಬೀದಿ ವ್ಯಾಪಾರಿ. ಪಟ್ಟಣದ ಕೊನೆಯ ಕಂಬ ದಾಟಿ ಹಳ್ಳಿ ದಾರಿ ಹಿಡಿದರೆ ಯಾರೂ ಅಲ್ಲ. ರೈಲ್ವೆಯ ಜಾಗಕ್ಕೂ ಗಾಡಿಗೂ ಇದು ಅನ್ವಯಿಸುವುದಿಲ್ಲ ಅಂತ ಮೊದಲನೇ ಕಲಮಿನಲ್ಲೇ ಬರೆದಿದ್ದಾರೆ. ಭಾಲ್ಕಿಯಲ್ಲಿ ಹತ್ತಿ ಕಮಲನಗರದಲ್ಲಿ ಇಳಿಯುವಷ್ಟರಲ್ಲಿ ನಮ್ಮವರು ಕಾಯ್ದೆಯ ಒಳಗಿಂದ ಹೊರಗೆ ಬಿದ್ದಿರುತ್ತಾರೆ. ನಮ್ಮ ವ್ಯಾಪಾರವಾದರೂ ಎಲ್ಲಿ? ದನ ಇರುವಲ್ಲಿ ಹಗ್ಗ, ಅಂಗಳ ಇರುವಲ್ಲಿ ಕಸಬರಿಗೆ. ಅದು ಹಳ್ಳಿಯಲ್ಲಿ.

ಹಳ್ಳಿಯಲ್ಲಿ ಕಾಗದ ಇಲ್ಲದೆ ನಡೆಯೋದು ಅಂದರೆ ಏನು ಅಂತ 2018ರ ಜುಲೈ ತೋರಿಸಿತು. ಮಕ್ಕಳ ಕಳ್ಳರು ಬಂದಾರ ಅನ್ನೋ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದ ದಿನಗಳು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐದು ಜನರನ್ನು ಬಡಿದು ಕೊಂದರು. ಸೊಲ್ಲಾಪುರ ಜಿಲ್ಲೆಯಿಂದ ಹೋಗಿದ್ದ ಅಲೆಮಾರಿ ಡವರಿ ಗೋಸಾವಿಗಳು ಅವರು, ಮನೆ ಮನೆ ಬೇಡಿ ಬದುಕುವವರು. ಎರಡು ವಾರ ಆಗುವುದರೊಳಗೆ, ಜುಲೈ 13ರಂದು, ನಮ್ಮ ಕಡೆಯದೇ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನ ಕೊಲೆಯಾಯಿತು. ಗೆಳೆಯರ ಜೊತೆ ಕಾರಿನಲ್ಲಿ ಬಂದವನು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯಕ್ಕೆ ಸಾಕಾಯಿತು. ಆ ಸುದ್ದಿ ಕೇಳಿದ ರಾತ್ರಿ ಅವ್ವ ಹೊರೆ ಕಟ್ಟಲಿಲ್ಲ. "ಕಾರಿನ್ಯಾಗ ಬಂದೋರಿಗೇ ಹಿಂಗ ಮಾಡ್ಯಾರಂದ್ರ ನಡಕೋತ ಹೋಗೋರು ನಾವು ಯಾನ್ ಲೆಕ್ಕ ತಮ್ಮಾ?" ಅಂದಳು. ಎಂಟು ದಿನ ಮನೆಯಲ್ಲೇ ಇದ್ದಳು. ಒಂಬತ್ತನೆಯ ದಿನ ಜೋಳದ ಡಬ್ಬಿ ಖಾಲಿಯಾಯಿತು. ಹೋದಳು.

ಹಾಗಂತ ಕಾಗದ ಒಂದೇ ನಮ್ಮನ್ನು ಕಾಯುತ್ತದೆ ಅಂತ ನಾನು ಹೇಳುವುದಿಲ್ಲ. ಕಾಗದ ಇದ್ದವರನ್ನು ಹೊರಗಿಡಲಿಕ್ಕೂ ನಿಯಮ ಹುಡುಕುತ್ತಾರೆ. 2022ರ ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಕೂಡದು ಅಂದಾಗ ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮವೊಂದನ್ನು ಎತ್ತಿ ಹಿಡಿದರು. ನಿನ್ನೆ ಕಸಬರಿಗೆಯವಳಿಗೆ ತೋರಿಸಿದ ಅಂಗಳದ ಗೆರೆಯನ್ನೇ ಇವತ್ತು ಬಳೆ ಮಾರುವವನಿಗೂ ಎಳೆಯುತ್ತಿದ್ದಾರೆ. ಇನ್ನೊಂದು ಕಡೆ ಕಂಪನಿಯ ಚೀಲ ಬೆನ್ನಿಗೆ ಹಾಕಿಕೊಂಡ ಹುಡುಗ ಗೇಟು ದಾಟಿ ಮೂರನೇ ಮಹಡಿಯ ಬಾಗಿಲು ತಟ್ಟುತ್ತಾನೆ. ಅವನ ಬೆನ್ನಿನ ಮೇಲಿರುವ ಹೆಸರೇ ಅವನ ಲೈಸೆನ್ಸು. ಆ ಹುಡುಗ ನಮ್ಮ ಕೇರಿಯವನೂ ಇರಬಹುದು. ಚೀಲ ಕಳಚಿಟ್ಟು ಅವ್ವನ ಹೊರೆ ಹೊತ್ತುಕೊಂಡು ಅದೇ ಗೇಟಿಗೆ ಬಂದರೆ ಕಾವಲುಗಾರ ಬಿಡುತ್ತಾನೆಯೇ?

ಅದಕ್ಕೇ ಲೈಸೆನ್ಸೇ ಬೇಡ ಅನ್ನುವ ಕನಿಕರದವರ ಮಾತು ನಮಗೆ ಒಪ್ಪಿಗೆಯಿಲ್ಲ. ಸರಕಾರದ ಕಾಗದ ತೆಗೆದರೆ ಉಳಿಯುವುದು ಜಾತಿಯ ಲೈಸೆನ್ಸು. ನಮಗೆ ಕಾಗದ ಬೇಕು, ಆದರೆ ನಮ್ಮ ಕಾಲಿಗೆ ಹೊಂದುವ ಕಾಗದ ಬೇಕು. ನಡೆಯುವವಳನ್ನು ನಡೆಯುವವಳು ಅಂತಲೇ ಬರೆಯಲಿ. ಬೀದರದಲ್ಲಿ ಕೊಟ್ಟ ಕಾರ್ಡು ಔರಾದಿನ ಕೊನೆಯ ಹಳ್ಳಿಯಲ್ಲೂ ನಡೆಯಲಿ, ಗ್ರಾಮ ಪಂಚಾಯತಿಯೂ ಅದಕ್ಕೆ ತಲೆಬಾಗಲಿ. ಬೇರೆ ಕೆಲಸ ಇಲ್ಲ ಅನ್ನುವ ಸುಳ್ಳಿನ ಮುಚ್ಚಳಿಕೆ ಹೋಗಲಿ. ತೈಬಜಾರಿನ ಚೀಟಿಯ ಮೇಲೆ ರೊಕ್ಕ ಕೊಟ್ಟವರ ಹೆಸರು ಬರಲಿ. ವ್ಯಾಪಾರ ಸಮಿತಿಯ ಕುರ್ಚಿಯಲ್ಲಿ ಹೊರೆ ಹೊತ್ತ ಹೆಂಗಸೊಬ್ಬಳು ಕೂರಲಿ. ಹಪ್ಪಳ ಮಾರಿದ ನನ್ನ ಅಕ್ಕನ ನಷ್ಟಕ್ಕೆ ಕಾಯ್ದೆಯಲ್ಲಿ ಮದ್ದಿಲ್ಲ, ಅದು ಗೊತ್ತು. ಆ ಬಾಗಿಲುಗಳನ್ನು ತಟ್ಟುವ ಕೆಲಸ ಬೇರೆಯೇ ಇದೆ, ಅದನ್ನೂ ಬಿಡುವುದಿಲ್ಲ.

ಮತ್ತೆ ಸರ್ವೆಗೆ ಬರುವ ಸಾಹೇಬರಿಗೆ ಒಂದು ಮಾತು. ಊಟ ಮುಗಿಸಿಕೊಂಡು ಮಧ್ಯಾಹ್ನ ಬಂದು, ಕೇರಿಯಲ್ಲಿ ವ್ಯಾಪಾರಸ್ಥರು ಯಾರೂ ಇಲ್ಲ ಅಂತ ಬರೆದುಕೊಂಡು ಹೋಗಬೇಡಿ. ಮುಂಜಾನೆ ಆರಕ್ಕೆ ಬನ್ನಿ. ಏಳಕ್ಕೆ ನಮ್ಮವರು ದಾರಿಯಲ್ಲಿರುತ್ತಾರೆ.