ಲಾಪ್ಲಾಸನ ಜೊತೆ ಚೌಕಾಬಾರ

1971ರಲ್ಲಿ ಬಿ.ಎಸ್ಸಿ. ಓದುವಾಗ ನನಗೆ ಲಾಪ್ಲಾಸನ ಹುಚ್ಚು ಹಿಡಿದಿತ್ತು. ಜಗತ್ತಿನ ಒಂದೊಂದು ಕಣವೂ ಈಗ ಎಲ್ಲಿದೆ, ಹೇಗೆ ಚಲಿಸುತ್ತಿದೆ, ಅದರ ಮೇಲಿನ ಬಲಗಳೇನು ಎಂದು ಬಲ್ಲ ಬುದ್ಧಿಗೆ ನಾಳೆಯೂ ನಿನ್ನೆಯಷ್ಟೇ ಸ್ಪಷ್ಟ ಎಂದು ಆ ಫ್ರೆಂಚ್ ಗಣಿತಜ್ಞ 1814ರಲ್ಲೇ ಬರೆದಿದ್ದ. ಮೈಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದನ್ನು ಕೇಳುವವಳು ಅಜ್ಜಿಯೊಬ್ಬಳೇ. ಅವಳು ಎಲೆಯಡಿಕೆ ಸಂಚಿಯಿಂದ ಕವಡೆ ತೆಗೆದು, ಗಾರೆ ನೆಲದ ಮೇಲೆ ಸುದ್ದೆಯಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದಳು. ಬಳೆಚೂರು ಅವಳ ಕಾಯಿ, ಹುಣಸೆಬೀಜ ನನ್ನದು, ಬಾಜಿ ಐದು ಪೈಸೆ.

ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಎಷ್ಟು ಬೀಳುತ್ತದೆಂಬುದು ಕೈ ಬಿಡುವ ಮೊದಲೇ ನಿಶ್ಚಯವಾಗಿರುತ್ತದೆ ಎಂದೆ. "ಹಾಗಿದ್ರೆ ಹೇಳ್ಬಿಡು, ಎಷ್ಟು?" ಮಣಿಕಟ್ಟಿನ ವೇಗ, ಗಾಳಿ, ಗಾರೆಯ ಉಬ್ಬುತಗ್ಗು ಎಂದೆಲ್ಲ ನಾನು ವಿವರಿಸುವಷ್ಟರಲ್ಲಿ ನನ್ನ ಕಾಯಿ ಕಡಿದಾಗಿತ್ತು. "ಬೀಳೋದು ಬಿತ್ತು ಕಣೋ. ಯಾವ ಕಾಯಿ ನಡೆಸ್ಬೇಕು ಅನ್ನೋದಕ್ಕೂ ನಿಮ್ಮ ಫ್ರೆಂಚಿನೋನನ್ನ ಕೇಳ್ಬೇಕಾ?"

ಈಗ ಮೊಮ್ಮಗಳ ಫೋನಿನಲ್ಲೂ ಕವಡೆ ಉರುಳುತ್ತದೆ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಒಂದು ಸೂತ್ರವಿರುತ್ತದಂತೆ. ಮೊದಲ ಅಂಕಿ ಗೊತ್ತಿದ್ದರೆ ಮುಂದೆ ಬೀಳುವುದನ್ನೆಲ್ಲ ಲೆಕ್ಕ ಹಾಕಬಹುದು. ಲಾಪ್ಲಾಸ್ ಇದ್ದಿದ್ದರೆ ಬಿಡದೆ ಆಡುತ್ತಿದ್ದ.

ನನ್ನ ಹುಚ್ಚು ಬಿಡಿಸಿದ್ದು ಅಲಾರಾಂ ಗಡಿಯಾರ. ಅಪ್ಪ ಲ್ಯಾನ್ಸ್‌ಡೌನ್ ಬಜಾರಿನಲ್ಲಿ ಹದಿನೆಂಟು ರೂಪಾಯಿಗೆ ಕೊಂಡದ್ದು, ಮುಳ್ಳಿಗೆ ರೇಡಿಯಂ ಬಳಿದದ್ದು. ಫಿಸಿಕ್ಸ್ ಮೇಷ್ಟ್ರು ಅದನ್ನು ತರಿಸಿ, ಹೈಪೋ ವಾಸನೆಯ ಡಾರ್ಕ್ ರೂಮಿನಲ್ಲಿ ಕೂರಿಸಿ, ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಕೈಗೆ ಭೂತಗನ್ನಡಿ ಕೊಟ್ಟರು. ಒಂದೇ ಸಮನೆ ಹೊಳೆಯುತ್ತದೆಂದುಕೊಂಡಿದ್ದ ಮುಳ್ಳು ಒಗ್ಗರಣೆಯ ಸಾಸಿವೆಯಂತೆ ಚಟಚಟ ಸಿಡಿಯುತ್ತಿತ್ತು. ಒಂದೊಂದು ಮಿಣುಕೂ ಒಂದೊಂದು ಪರಮಾಣು ಒಡೆದ ಗುರುತು. 1600 ವರ್ಷದಲ್ಲಿ ರೇಡಿಯಂ ಅರ್ಧಕ್ಕಿಳಿಯುತ್ತದೆ, ಆದರೆ ಈಗ ಒಡೆಯುವುದು ಯಾವುದು ಎಂದು ಹೇಳುವ ನಿಯಮವೇ ಇಲ್ಲ ಎಂದರು. ನಮಗೆ ತಿಳಿಯದ ಕಾರಣವೇನೋ ಇರಬೇಕಲ್ಲ ಎಂದೆ. "ಐನ್‌ಸ್ಟೈನೂ ಸಾಯೋವರೆಗೆ ಹಾಗೇ ಅಂತಿದ್ರು. ನೀನು ನಾಳೆವರೆಗೆ ಟೈಮ್ ತಗೋ."

ಮರುದಿನ ಬೇರೆ ಹುರುಪು: ಎಲ್ಲ ಆಕಸ್ಮಿಕವಾದರೆ ನನ್ನ ಮನಸ್ಸು ಸ್ವತಂತ್ರ! ಮೇಷ್ಟ್ರು ನಶ್ಯ ಏರಿಸಿ, "ಲಾಟರಿ ಎತ್ತಿ ನಿನ್ನ ಮದುವೆ ಗೊತ್ತುಮಾಡಿದ್ರೆ ಅದು ನಿನ್ನ ಆಯ್ಕೆನೇನೋ?" ಎಂದರು. ಅದಕ್ಕೆ ಒಪ್ಪುವ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಕಣಗಳ ಒಳಗೆ ಐನ್‌ಸ್ಟೈನ್ ಹುಡುಕಿದ ಬಗೆಯ ಗುಟ್ಟು ಇಲ್ಲವೆಂದು ತೋರಿಸಿದ ಪ್ರಯೋಗಗಳಿಗೆ 2022ರಲ್ಲಿ ನೊಬೆಲ್ ಬಂದಾಗ ಮೇಷ್ಟ್ರು ಇರಲಿಲ್ಲ.

ಗಡಿಯಾರ ಅಟ್ಟದಲ್ಲಿದೆ. ಮುಳ್ಳು ಹೊಳೆಯುವುದಿಲ್ಲ, ಸವೆದದ್ದು ಬಣ್ಣದಲ್ಲಿನ ಸತುವಿನ ಸಲ್ಫೈಡ್. ಐವತ್ತು ವರ್ಷದಲ್ಲಿ ರೇಡಿಯಂ ಕಳೆದದ್ದು ನೂರಕ್ಕೆ ಎರಡು ಪಾಲು ಮಾತ್ರ. ಬಿಚ್ಚಿ ನೋಡೋಣ ಎಂದು ಮೊಮ್ಮಗಳು ಹಟ ಹಿಡಿದಳು. ಆ ಪುಡಿ ಉಸಿರಿಗೆ ಹೋದರೆ ಕೆಟ್ಟದ್ದು ಎಂದು ಹೇಳಿ ಏಣಿ ತೆಗೆದಿಟ್ಟೆ.