ಇಂಚೋ, ಅಡಿಯೋ?

ಎಂಜಿನ್ ಬಗ್ಗೆ ನಮ್ಮ ಪತ್ರಿಕೆಗೆ ಬರೆಯಬೇಕಾದವರು ಸೈನ್ಸ್ ವಿಭಾಗದವರು. ನಾನು ಕಾಮರ್ಸ್. ಆದರೆ ಕಳೆದ ದಸರಾ ರಜೆಯಲ್ಲಿ ಒಂದು ಕಾರಿನ ಕೆಲಸದಲ್ಲಿ ನನ್ನಿಂದ ತಪ್ಪಾಯಿತು. ಅದನ್ನು ನಾನೇ ಬರೆಯಬೇಕು.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮಾಮುವಿನ ಗ್ಯಾರೇಜಿದೆ. ರಜೆಯಲ್ಲಿ ಅಲ್ಲಿ ನನಗೆ ಮೂರು ಕೆಲಸ: ಬಿಲ್ಲು ಬರೆಯುವುದು, ಚಹಾ ತರುವುದು, ಇಂಗ್ಲಿಷ್ ಓದಿ ಹೇಳುವುದು. ಮಾಮು ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹೇಳುತ್ತಾರೆ. ಆದರೆ ಹೊರದೇಶದಿಂದ ಬರುವ ಪಾರ್ಟಿನ ಡಬ್ಬಿಯಲ್ಲಿರುವ ಹಾಳೆ ಅವರಿಗೆ ಓದಲು ಬರುವುದಿಲ್ಲ. ಅದನ್ನು ನಾನು ಸ್ವಲ್ಪ ಜೋರಾಗಿಯೇ ಓದುತ್ತಿದ್ದೆ, ಪಕ್ಕದ ಅಂಗಡಿಯವರಿಗೂ ಕೇಳಿಸಲಿ ಎಂದು.

ಬಂದ ಕಾರು ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ 10. ಗ್ಯಾರೇಜಿನವರ ಬಾಯಲ್ಲಿ ಅದು 'ಇವೋ ಟೆನ್'. ನಾಲ್ಕು ಬಾಗಿಲಿನ ಕಾರು, ಒಳಗೆ 1998 ಸಿಸಿಯ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ. ಮಾಲೀಕರು ಅದನ್ನು ರಸ್ತೆಯಲ್ಲಿ ಓಡಿಸುವುದಿಲ್ಲ. ಲಾರಿಯ ಮೇಲೆ ಹಾಕಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ಯುತ್ತಾರೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ ಬರುತ್ತದೆ. ಹಾಗಾಗಿ ರಸ್ತೆಗಿಳಿಯುವ ಕಾರಿಗೆ ಇಂಥ ಕೆಲಸವನ್ನು ಮಾಮು ಒಪ್ಪಿಕೊಳ್ಳುವುದಿಲ್ಲ.

ಹಾಕಬೇಕಾದದ್ದು ಹೊಸ ಫ್ಯೂಯಲ್ ರೈಲು. ಹೆಸರು ಕೇಳಿ ನಾನೂ ರೈಲುಗಾಡಿಯನ್ನೇ ನೆನೆದಿದ್ದೆ. ನೋಡಿದರೆ ಮೊಳದುದ್ದವೂ ಇಲ್ಲದ ಅಲ್ಯುಮಿನಿಯಂ ಕೊಳವೆ. ಟ್ಯಾಂಕಿನ ಪಂಪು ತಳ್ಳಿದ ಪೆಟ್ರೋಲು ಅದರೊಳಗೆ ತುಂಬಿ ನಿಲ್ಲುತ್ತದೆ, ಅಲ್ಲಿಂದ ನಾಲ್ಕು ಇಂಜೆಕ್ಟರುಗಳು ಒಂದೊಂದು ಸಿಲಿಂಡರಿಗೆ ಚಿಮ್ಮಿಸುತ್ತವೆ. ಮಾಲೀಕರು ಟರ್ಬೊದ ಒತ್ತಡ ಹೆಚ್ಚಿಸಿ, ನಿಮಿಷಕ್ಕೆ 1000 ಸಿಸಿ ಹರಿಸಬಲ್ಲ ಇಂಜೆಕ್ಟರುಗಳನ್ನು ತಂದಿದ್ದರು. ಅಂದರೆ ಪೂರ್ತಿ ತೆರೆದರೆ ಒಂದೊಂದೂ ನಿಮಿಷಕ್ಕೆ ಒಂದು ಲೀಟರ್ ನೀರಿನ ಬಾಟಲಿಯಷ್ಟು. ಸಣ್ಣ ಕೊಳವೆಯಲ್ಲಿ ಅಷ್ಟು ಪೆಟ್ರೋಲು ಹರಿಯುವಾಗ ಒತ್ತಡ ಏರಿಳಿಯುತ್ತದೆ, ಯಾವುದಾದರೂ ಸಿಲಿಂಡರಿಗೆ ಪೆಟ್ರೋಲು ಕಡಿಮೆ ಬೀಳಬಹುದು. ಪೆಟ್ರೋಲು ಕಡಿಮೆಯಾದರೆ ಶಾಖ ಏರಿ ಪಿಸ್ಟನ್ನೇ ಕರಗಬಹುದು. ಅಗಲವಾದ ಕೊಳವೆ ಅದಕ್ಕಾಗಿ. ಸಾದಾ ಎಂಜಿನ್ನಿಗೆ ಇದನ್ನು ಹಾಕುವುದು ದುಡ್ಡು ದಂಡ, ಇದರಿಂದ ಒಂದು ಕುದುರೆಯ ಬಲವೂ ಹೆಚ್ಚುವುದಿಲ್ಲ ಎಂದು ಮಾಮು ಮಾಲೀಕರ ಎದುರಿಗೇ ಹೇಳಿದರು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿದೆವು. ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಿದರು. ಕೊಳವೆಯಲ್ಲಿದ್ದದ್ದನ್ನು ಕುಡಿದು ಅದು ತಾನೇ ನಿಂತಿತು. ಹೀಗೆ ಮಾಡದೆ ಪೈಪು ಬಿಚ್ಚಿದರೆ ಪೆಟ್ರೋಲು ಮುಖಕ್ಕೇ ಚಿಮ್ಮುತ್ತದೆ. ಒಳಗಿನ ಒತ್ತಡ ಸುಮಾರು 3 ಬಾರ್, ಅಂದರೆ 43.5 ಪಿಎಸ್‌ಐ. ಕಾರಿನ ಟಯರಿನ ಗಾಳಿಗಿಂತ ಸ್ವಲ್ಪ ಹೆಚ್ಚು. ಆದರೆ ಟಯರಿನಲ್ಲಿರುವುದು ಗಾಳಿ, ಇಲ್ಲಿರುವುದು ಪೆಟ್ರೋಲು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಗ್ಯಾರೇಜಿನ ಹುಡುಗ ಬೆಂಕಿ ಆರಿಸುವ ಸಿಲಿಂಡರ್ ತಂದು ಪಕ್ಕದಲ್ಲಿಟ್ಟ.

ಹಳೆಯದು ಬಂತು. ಹೊಸ ಇಂಜೆಕ್ಟರುಗಳ ರಬ್ಬರ್ ರಿಂಗುಗಳಿಗೆ ಮಾಮು ಹೊಸ ಎಂಜಿನ್ ಆಯಿಲನ್ನು ಬೆರಳ ತುದಿಯಿಂದ ಹಚ್ಚಿದರು. ಒಣ ರಿಂಗು ಒಳಗೆ ಹೋಗುವಾಗ ಕತ್ತರಿಸಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲವಂತೆ. ರೈಲನ್ನು ಎರಡೂ ಕೈಯಿಂದ ಸಮನಾಗಿ ಒತ್ತಿ ಕೂರಿಸಿ, ಪ್ರತಿ ಇಂಜೆಕ್ಟರನ್ನೂ ಬೆರಳಿನಿಂದ ತಿರುಗಿಸಿ ನೋಡಿದರು. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಹಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕಿತ್ತಾ ಲಿಖೇಲಾ ಹೈ?" ಎಂದರು.

ಹಾಳೆಯಲ್ಲಿ 108 ಎಂದಿತ್ತು. ಆ್ಯಂಬುಲೆನ್ಸ್ ನಂಬರು ಎಂದು ಮನಸ್ಸಿನಲ್ಲೇ ನಕ್ಕೆ. ಮುಂದೆ 'ಎಲ್‌ಬಿ' ಎಂದಿತ್ತು, ಮಾಮುವಿನ ಟಾರ್ಕ್ ಪಾನಾದ ಮೇಲೂ 'ಎಲ್‌ಬಿ' ಎಂದಿತ್ತು. "ನೂರೆಂಟು" ಎಂದೆ.

"ಇಷ್ಟೊಂದಾ? ಚಕ್ರದ ನಟ್ಟಿಗೂ ನಾನು ಇಷ್ಟು ಹಾಕೋದಿಲ್ಲ, ಬೇಟಾ."

"ಕಂಪನಿಯವರೇ ಬರೆದಿದ್ದಾರಲ್ಲ ಮಾಮು," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೆಂದು ನನಗೆ ಗೊತ್ತು. ನಿಮಗೆ ಓದಲು ಬರುವುದಿಲ್ಲವಲ್ಲ ಎಂಬ ಹಾಗೆ ಬಂತು.

ಮಾಮು ಏನೂ ಹೇಳದೆ ಪಾನಾವನ್ನು 108ಕ್ಕೆ ಇಟ್ಟು ತಿರುಗಿಸತೊಡಗಿದರು. ಅದು 'ಕಟ್' ಎನ್ನಬೇಕು, ಎನ್ನಲಿಲ್ಲ. ಇನ್ನೂ ಸ್ವಲ್ಪ ತಿರುಗಿತು. ತಟ್ಟನೆ ಕೈ ತೆಗೆದರು. "ನಕ್ಕೋ. ಬೋಲ್ಟು ಮೆತ್ತಗಾಗ್ತಿದೆ. ಫಿರ್ ಸೇ ಪಢ್."

ಮತ್ತೆ ಓದಿದೆ, ಅದೇ 108. ಮೂರನೇ ಸಲ ಅಂಕಿ ಬಿಟ್ಟು ಅಕ್ಷರ ನೋಡಿದೆ. 'ಎಲ್‌ಬಿ'ಯ ಹಿಂದೆ 'ಇನ್' ಎಂದಿತ್ತು. ಇಂಚು-ಪೌಂಡ್. ಪಾನಾದ ಮೇಲಿದ್ದದ್ದು ಅಡಿ-ಪೌಂಡ್. ಅಡಿಗೆ 12 ಇಂಚು, ಆದ್ದರಿಂದ ಹಾಕಬೇಕಾದದ್ದು ಬರೀ 9. ನಾನು ಹೇಳಿದ್ದು ಹನ್ನೆರಡು ಪಟ್ಟು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಸಸ್ಪೆನ್ಸ್ ಖಾತೆ ತೆರೆದು ವ್ಯತ್ಯಾಸವನ್ನು ಅದರೊಳಗೆ ತಳ್ಳುತ್ತೇವೆ. ಇಲ್ಲಿ ತಳ್ಳಲು ಜಾಗವಿರಲಿಲ್ಲ. ಎಂಜಿನ್ನಿನ ಆ ಕಡೆ ಕೆಂಪಗೆ ಕಾಯುವ ಟರ್ಬೊ, ಈ ಕಡೆ ಪೆಟ್ರೋಲು, ಒಳಗೆ ಹೆಲ್ಮೆಟ್ ಹಾಕಿಕೊಂಡು ಕೂರುವ ಒಬ್ಬ ಮನುಷ್ಯ.

ಮಾಮು ಬೈಯಲಿಲ್ಲ. ಬೋಲ್ಟು ಬಿಚ್ಚಿ, ಅದರ ಮೇಲೆ ಒಂದು ನಟ್ಟು ಓಡಿಸಿದರು. ಅರ್ಧದವರೆಗೆ ಸಲೀಸಾಗಿ ಹೋದ ನಟ್ಟು ಅಲ್ಲಿ ಬಿಗಿಯಾಗಿ ನಿಂತಿತು. "ಇಲ್ಲಿ ಹಿಗ್ಗಿದೆ, ನೋಡು," ಎಂದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅಲ್ಯುಮಿನಿಯಂ ಒಳಗಿನ ಮರೆ ಮಾತ್ರ ಅಲ್ಲಾಹನ ದಯೆಯಿಂದ ಉಳಿದಿತ್ತು. ಬೋಲ್ಟು ಕೈಗೆ ಕೊಟ್ಟು ನನ್ನನ್ನು ಜೆ.ಸಿ. ರಸ್ತೆಗೆ ಓಡಿಸಿದರು. ಅಂಗಡಿಯವರು "8.8ಆ, 10.9ಆ?" ಎಂದು ಕೇಳಿದರು. ಈ ಸಲ ನಾನು ಊಹಿಸಲಿಲ್ಲ. ಬೋಲ್ಟಿನ ತಲೆಯ ಮೇಲೆ ಕೆತ್ತಿದ್ದನ್ನು ಬೆಳಕಿಗೆ ಹಿಡಿದು ಓದಿದೆ. ಅದು ಅಳತೆಯಲ್ಲ, ಬೋಲ್ಟಿನ ಬಲದ ದರ್ಜೆ. 8.8 ಇತ್ತು.

ಮಾಮು ಈ ಸಲ ಸಣ್ಣ ಪಾನಾ ತೆಗೆದುಕೊಂಡು 9ಕ್ಕೆ ಇಟ್ಟರು. 'ಕಟ್' ಎಂದಿತು. ಬ್ಯಾಟರಿ ಸೇರಿಸಿ, ಫ್ಯೂಸ್ ಹಾಕಿ, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಮೂರು ನಾಲ್ಕು ಸಲ ತಿರುಗಿಸಿದರು. ಹಿಂದೆ ಪಂಪು ಗುಂಯ್‌ ಎಂದು ನಿಂತಿತು. ಒಣ ಬಟ್ಟೆಯಿಂದ ಪ್ರತಿ ಜೋಡಣೆಯನ್ನೂ ಒರೆಸಿ ಮೂಗಿಗೆ ಹಿಡಿದರು. ನನಗೂ ಕೊಟ್ಟರು. ವಾಸನೆ ಇರಲಿಲ್ಲ. ಆಮೇಲೆಯೇ ಎಂಜಿನ್ ಚಾಲೂ ಮಾಡಿದ್ದು.

ಅಸರ್ ನಮಾಜ್ ಮುಗಿಸಿ ಬರುವಷ್ಟರಲ್ಲಿ ಮಾಲೀಕರು ಬಂದಿದ್ದರು. "ಈ ಒಂದು ಬೋಲ್ಟಿನ ಬಣ್ಣ ಯಾಕೆ ಬೇರೆ?" ಎಂದು ಕೇಳಿದರು. ನನ್ನ ಗಂಟಲು ಒಣಗಿತು. "ನನ್ನ ಕೈಯಿಂದ ಜಾಸ್ತಿ ಬಿಗಿಯಾಯಿತು ಸಾರ್, ಹೊಸದು ಹಾಕಿದ್ದೇನೆ," ಎಂದರು ಮಾಮು. ನಾನು ಬಿಲ್ಲು ಪುಸ್ತಕ ಹಿಡಿದು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಬಿಲ್ಲಿನಲ್ಲಿ ಕೂಲಿ, ಪೈಪು, ಕ್ಲಿಪ್ಪು, ಆಯಿಲ್ ಎಲ್ಲ ಬರೆದು, ಕೊನೆಗೆ 'ಬೋಲ್ಟು 1' ಎಂದೂ ಬರೆದಿದ್ದೆ. ಓದಲು ಬರುವುದಿಲ್ಲ ಎಂದೆನಲ್ಲ, ಆ ಸಾಲು ಮಾತ್ರ ಮಾಮುವಿಗೆ ಹೇಗೆ ಕಂಡಿತೋ. ಬೆರಳಿಟ್ಟು, "ಇದನ್ನು ತೆಗೆ. ಇದು ನಮ್ಮದು," ಎಂದರು. ಹೊಡೆದು ಹಾಕಿದೆ. ರಾತ್ರಿ ಗ್ಯಾರೇಜಿನ ಲೆಕ್ಕದ ಪುಸ್ತಕದಲ್ಲಿ ಆ ಬೋಲ್ಟನ್ನು ನನ್ನ ಹೆಸರಿನ ಕೆಳಗೆ ಬರೆದೆ.